ಕೊನೆಯ ಸಾಲಿನ ಹನ್ನೆರಡು ಡಬ್ಬ

ನಾನು ಅಂಟಿಸಿದ ಲೇಬಲ್ ಒಂದು ಹನ್ನೊಂದು ವರ್ಷ ಸಮುದ್ರದ ತಳದಲ್ಲಿತ್ತು. ಹಡಗು ಮುಳುಗಿತು, ಹಡಗಿನ ಕಬ್ಬಿಣ ತುಕ್ಕು ಹಿಡಿದು ಪುಡಿಯಾಯಿತು, ಎಣ್ಣೆಯ ಡ್ರಮ್ಮೂ ಕರಗಿಹೋಯಿತು. ಲೇಬಲ್ ಮಾತ್ರ ಡ್ರಮ್ಮಿನ ಆಕಾರದಲ್ಲೇ ದುಂಡಗೆ ನಿಂತು, ಇನ್ನೂರು ಲೀಟರ್ ಎಣ್ಣೆಯನ್ನು ಒಂದು ಹನಿಯೂ ಸೋರದಂತೆ ಹಿಡಿದುಕೊಂಡಿತ್ತು. ಮೇಲೆತ್ತಲು ಹೋದವರು ನೋಡಿದರೆ ಮೀನುಗಳೆಲ್ಲ ಸುತ್ತ ನೆರೆದು ಎಚ್ಚರಿಕೆಯ ಸಾಲುಗಳನ್ನು ಓದುತ್ತಿದ್ದವಂತೆ. ಓದಲು ಬಾರದ ಮೀನುಗಳು ತಲೆಬುರುಡೆಯ ಚಿತ್ರ ನೋಡಿ ದೂರ ಸರಿದು ನಿಂತಿದ್ದವಂತೆ.

ನಗಬೇಡಿ. ಈ ಕಥೆಯನ್ನು ನಾನು ಲಾರಿ ಡ್ರೈವರುಗಳಿಗೆ ಹೇಳಿದ್ದೇನೆ, ಎಣ್ಣೆ ಕಾರ್ಖಾನೆಯ ಗೇಟಿನ ಕಾವಲುಗಾರನಿಗೆ ಹೇಳಿದ್ದೇನೆ, ಹಲ್ಲು ಕೀಳುವ ಡಾಕ್ಟರರಿಗೆ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಮೊದಲ ಸಲ ಹೇಳಿದಾಗ ಅದು ಮೂರೇ ವರ್ಷವಿತ್ತು. ಸಮುದ್ರವೂ ಇಷ್ಟು ಆಳವಿರಲಿಲ್ಲ. ಕಥೆ ಅಂದಮೇಲೆ ಬೆಳೆಯಬೇಕಲ್ಲ.

ನನ್ನ ಬಲಗೈ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಗಾಯದ ಗೆರೆಯಿದೆ. ಅದು ಮೊಸಳೆ ಕಚ್ಚಿದ್ದು. ಪಾಪ, ನನ್ನ ಬೆರಳಿನ ಅಂಟಿಗೆ ಅದರ ದವಡೆ ಕಚ್ಚಿಕೊಂಡು ಮತ್ತೆ ತೆರೆಯಲೇ ಇಲ್ಲ. ಇನ್ನು ನನ್ನ ಮೂಗು: ನಲವತ್ತು ಬಗೆಯ ಎಣ್ಣೆಗಳನ್ನು ಮುಚ್ಚಳ ತೆಗೆಯದೆ, ಬರೀ ವಾಸನೆಯಿಂದ ಬೇರೆ ಮಾಡಬಲ್ಲೆ. ಊರಿಗೆಲ್ಲ ನಾನು ‘ಗೋಂದು’. ಮನೆಯಲ್ಲಿಟ್ಟ ಹೆಸರನ್ನು ಅಕ್ಕ ಕೂಡ ಸಿಟ್ಟು ಬಂದಾಗ ಮಾತ್ರ ಹುಡುಕಿ ತೆಗೆಯುತ್ತಾಳೆ.

ಈ ಅಕ್ಕನಿಗೆ ಲೇಬಲ್ ಮುದ್ರಿಸುವ ಅಂಗಡಿಯಿದೆ. ಮೇಲೆ ಎರಡು ಕೋಣೆ ಮನೆ, ಕೆಳಗೆ ಎರಡು ಕೋಣೆ ಅಂಗಡಿ. ಮುಂದಿನದರಲ್ಲಿ ಮುದ್ರಣದ ಯಂತ್ರ, ಹಿಂದಿನದರಲ್ಲಿ ಕತ್ತರಿಸುವ ಯಂತ್ರ, ಎರಡರ ನಡುವಿನ ಬಾಗಿಲಲ್ಲಿ ನನ್ನ ಭಾವನ ಕುರ್ಚಿ. ಅವರು ಅಲ್ಲಿ ಕೂತು, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಲೇಬಲ್ ಸುರುಳಿ ಎಳೆಯುತ್ತ ತಪ್ಪು ಹುಡುಕುತ್ತಾರೆ. ಎಡಗಾಲು ಮುಂದಕ್ಕೆ ಕೋಲಿನಂತೆ ನೆಟ್ಟಗೆ ಚಾಚಿರುತ್ತದೆ. ಆ ಮಂಡಿ ಮಡಚುವುದಿಲ್ಲ.

ಅದರ ಕಥೆಯೊಂದನ್ನು ಮಾತ್ರ ನಾನು ಉದ್ದ ಮಾಡುವುದಿಲ್ಲ. ಭಾವ ತಗಡು ಬಗ್ಗಿಸುವ ದೊಡ್ಡ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಒಂದು ದಿನ ಪ್ರೆಸ್ಸಿನ ಎಣ್ಣೆ ಅಂದುಕೊಂಡು ಯಂತ್ರ ತೊಳೆಯುವ ದ್ರಾವಣ ಸುರಿದರು. ಎರಡೂ ಒಂದೇ ಥರದ ಬೂದು ಡಬ್ಬದಲ್ಲಿ ಬರುತ್ತಿದ್ದವು. ಕಾಗದದ ಲೇಬಲ್ ಮಳೆಗೆ ನೆನೆದು, ಎಣ್ಣೆಗೆ ಕರಗಿ ಹೋಗಿತ್ತು. ಅಲ್ಲೊಂದು ಲೇಬಲ್ ಇತ್ತು ಅನ್ನುವುದಕ್ಕೆ ಅಂಟಿನ ನಾಲ್ಕು ಗೆರೆ ಮಾತ್ರ ಉಳಿದಿತ್ತು. ಪ್ರೆಸ್ಸು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಅಷ್ಟೇ.

ಅಂದಿನಿಂದ ಅಕ್ಕನಿಗೆ ಒಂದೇ ಧ್ಯಾನ. ಕಾಗದ ಬೇಡವೆಂದು ದಪ್ಪ ಪ್ಲಾಸ್ಟಿಕ್ಕಿನ ಲೇಬಲ್ ಮಾಡಿದಳು. ಅದು ಏಳು ಜನ್ಮಕ್ಕೂ ಬಿಡುವಂಥದ್ದಲ್ಲ, ಆದರೆ ಬೇರೆ ತಕರಾರು ಬಂತು. ಖಾಲಿ ಡಬ್ಬಗಳನ್ನು ಕರಗಿಸಿ ಹೊಸ ಡಬ್ಬ ಮಾಡುವವರು, ‘ನಿಮ್ಮ ಲೇಬಲ್ ಬೇರೆ ಜಾತಿಯ ಪ್ಲಾಸ್ಟಿಕ್ಕು, ನಮ್ಮ ಕುಲುಮೆಯಲ್ಲಿ ಕಪ್ಪಗೆ ಸುಟ್ಟು ಇಡೀ ಪಾಕ ಕೆಡಿಸುತ್ತೆ’ ಎಂದು ಡಬ್ಬಗಳನ್ನು ವಾಪಸ್ಸು ಕಳಿಸಿದರು. ಅವು ಕಸದ ಗುಡ್ಡ ಸೇರಿದವು. ಅಕ್ಕ ಆರು ವರ್ಷ ಒದ್ದಾಡಿ ಮೂರನೆಯದೊಂದು ಕಂಡುಹಿಡಿದಳು: ಹಳೆಯ ಡಬ್ಬಗಳನ್ನೇ ಕರಗಿಸಿ ಎಳೆದ ತೆಳು ಹಾಳೆ, ಎಣ್ಣೆಗೆ ಬಗ್ಗದ ಶಾಯಿ, ಅವಳೇ ಕಲಸಿದ ಅಂಟು.

“ಡಬ್ಬ ಬದುಕಿರೋವರೆಗೂ ಬಿಡಬಾರದು. ಡಬ್ಬ ಸತ್ತಾಗ ಅದರ ಜೊತೇಲೇ ಕರಗಿ ಹೊಸ ಡಬ್ಬ ಆಗಬೇಕು,” ಅಂದಳು.

“ಇದನ್ನ ಮದುವೆ ದಿನ ನನಗೆ ಯಾರೂ ಹೇಳಿರ್ಲಿಲ್ಲ,” ಅಂದರು ಭಾವ.

ಎಣ್ಣೆ ಕಾರ್ಖಾನೆ ಪರೀಕ್ಷೆಗೆ ಒಪ್ಪಿತು. ಇಪ್ಪತ್ತು ಲೀಟರಿನ ನಲವತ್ತು ಡಬ್ಬ, ಕೆಲವು ಪ್ರೆಸ್ಸಿನ ಎಣ್ಣೆ, ಕೆಲವು ತೊಳೆಯುವ ದ್ರಾವಣ, ಎಲ್ಲವೂ ಬಾಯಿಗೆ ಸೀಲು ಹಾಕಿದವು, ತೊಂಬತ್ತು ದಿನ ಬಯಲು ಅಂಗಳದಲ್ಲಿ ನಿಲ್ಲಬೇಕು. ಬಿಸಿಲು, ಮಳೆ, ವಾರಕ್ಕೊಮ್ಮೆ ಮೇಲಿನಿಂದ ಎಣ್ಣೆಯ ಅಭಿಷೇಕ, ಆಮೇಲೆ ಗಡಸು ಬ್ರಷ್ಷಿನ ಉಜ್ಜಾಟ. ಕೊನೆಗೆ ನಲವತ್ತಕ್ಕೆ ನಲವತ್ತೂ ನಿಂತಿದ್ದರೆ ಕಾರ್ಖಾನೆಯ ಪ್ರತಿ ಡಬ್ಬದ ಮೇಲೂ ಅಕ್ಕನ ಲೇಬಲ್. ಒಂದು ಕಿತ್ತು ಬಂದರೂ ಮತ್ತೆ ಕಾಗದವೇ. ಡಬ್ಬಗಳ ಒಳಗಿರುವುದನ್ನು ಸುಮ್ಮನೆ ಹಾಳುಮಾಡುವುದು ಯಾಕೆಂದು, ಪರೀಕ್ಷೆ ಮುಗಿದ ದಿನವೇ ಅವನ್ನು ಕಾರ್ಖಾನೆಯ ವರ್ಕ್‌ಶಾಪಿಗೆ ಬಳಸಲು ಕೊಡುವುದೆಂದೂ ತೀರ್ಮಾನವಾಯಿತು.

ಲೇಬಲ್ ಅಂಟಿಸುವ ಕೆಲಸ ನನ್ನದು. ಬೇರೆ ಯಾರಿಗೆ ಕೊಡುತ್ತಾರೆ ಹೇಳಿ?

ಅಕ್ಕ ಪಕ್ಕದಲ್ಲೇ ನಿಂತು ಪಾಠ ಹೇಳಿಕೊಟ್ಟಳು. “ಸ್ಪಿರಿಟ್ ಬಟ್ಟೇಲಿ ಒರೆಸು. ಒಂದರಿಂದ ನೂರು ಎಣಿಸು, ಅಷ್ಟರಲ್ಲಿ ಒಣಗುತ್ತೆ. ಆಮೇಲೆ ನಡುವಿನಿಂದ ಅಂಚಿಗೆ ರೋಲರ್ ಎಳಿ. ನೂರು ಅಂದ್ರೆ ನೂರು, ಗೊತ್ತಾಯ್ತಾ?”

“ಅಕ್ಕಾ, ನಾನು ಸಾವಿರ ಎಣಿಸ್ತೀನಿ.”

“ನೂರು ಸಾಕು.”

ಇಪ್ಪತ್ತೆಂಟು ಡಬ್ಬ ಅವಳ ಕಣ್ಣೆದುರು ಮುಗಿಯಿತು. ಅಷ್ಟರಲ್ಲಿ ಅಂಗಡಿಯಲ್ಲಿ ಶಾಯಿ ಸೋರುತ್ತಿದೆ ಎಂದು ಭಾವನ ಫೋನ್ ಬಂತು, ಅಕ್ಕ ಓಡಿದಳು. ಉಳಿದದ್ದು ಕೊನೆಯ ಸಾಲಿನ ಹನ್ನೆರಡು ಡಬ್ಬ, ನಾನು, ಮತ್ತು ಎಣ್ಣೆ ತುಂಬುವ ವಿಭಾಗದ ಮೇಸ್ತ್ರಿ. ಈ ಮೇಸ್ತ್ರಿ ನನ್ನ ಪ್ರತಿ ಕಥೆಯನ್ನೂ ಕೊನೆಯವರೆಗೆ ಕೇಳಿ, ಕೊನೆಯಲ್ಲಿ ‘ಆಮೇಲೆ?’ ಎಂದು ಕೇಳಿ ಕೊಲ್ಲುವ ಮನುಷ್ಯ.

“ಟೀ ಬರೋದಕ್ಕೆ ಇನ್ನು ಹತ್ತು ನಿಮಿಷ,” ಅಂದ. “ನೀನು ಹೀಗೆ ಮಗ್ಗಿ ಒಪ್ಪಿಸ್ತಾ ಕೂತ್ರೆ ಇವತ್ತು ಸಂಜೆ ಟೀಗೂ ಆಗಲ್ಲ.”

“ಈ ಟೀ ಬರೋದ್ರೊಳಗೆ ಹನ್ನೆರಡೂ ಮುಗಿಸ್ತೀನಿ. ಆಗದಿದ್ರೆ ಮೀಸೆ ಬೋಳಿಸ್ಕೋತೀನಿ.”

“ಆ ಮೀಸೆ ಇದ್ದರೂ ಒಂದೇ, ಹೋದರೂ ಒಂದೇ. ಸರಿ, ಮುಗಿಸಿದ್ರೆ ನನ್ನ ಟೀನೂ ನಿನಗೇ.”

ಸ್ಪಿರಿಟ್ ಬಾಟಲಿ ಅಂಗಳದ ಆ ತುದಿಯಲ್ಲಿತ್ತು. ಕೈಗೆ ಸಿಕ್ಕಿದ್ದು ತುಂಬುವ ನಲ್ಲಿಯ ಕೆಳಗೆ ನೇತಾಡುತ್ತಿದ್ದ ಬಟ್ಟೆ. ಅದರಿಂದ ಒಂದು ಸಲ ಒರೆಸಿದರೆ ಡಬ್ಬ ಕನ್ನಡಿಯಂತೆ ಮಿಂಚುತ್ತಿತ್ತು. ಮಿಂಚುವುದು ಚೊಕ್ಕಟವಲ್ಲ, ಎಣ್ಣೆಯ ಪಸೆ ಎಂದು ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷದ ಅನುಭವಿ ನಾನು. ಚೆನ್ನಾಗಿ ಗೊತ್ತಿತ್ತು. ಎಣಿಸಿದೆ ಕೂಡ: ಒಂದು, ಎರಡು, ನೂರು. ಎಣ್ಣೆ ಮೆತ್ತಿದ ಹೆಬ್ಬೆರಳಲ್ಲೇ ಲೇಬಲ್ಲಿನ ಅಂಟಿನ ಮೂಲೆ ಹಿಡಿದು ಇಳಿಸಿದೆ, ರೋಲರ್ ಒಂದು ಸಲ, ಮುಂದಿನ ಡಬ್ಬ.

ಎರಡು ಲೋಟ ಟೀ ಕುಡಿದೆ. ಬಹಳ ರುಚಿಯಾಗಿತ್ತು.

ಹತ್ತೊಂಬತ್ತನೇ ದಿನ ಮೊದಲ ಮೂಲೆ ಎದ್ದಿತು. ಉಗುರಿನಷ್ಟು. ನಾನು ಆಚೀಚೆ ನೋಡಿ ಒತ್ತಿದೆ, ಕೂತಿತು. ಮರುದಿನ ಎರಡು ಮೂಲೆ. ಪರೀಕ್ಷೆಯ ಹೊಣೆ ಹೊತ್ತ ಲ್ಯಾಬ್ ಮೇಡಂ ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದರು, ಮೂಲೆ ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು. “ತೀರ್ಮಾನ ತೊಂಬತ್ತನೇ ದಿನ,” ಅಷ್ಟೇ ಮಾತು. ಬರೆದದ್ದರ ಒಂದು ಪ್ರತಿ ಅಕ್ಕನಿಗೂ ಹೋಗುತ್ತಿತ್ತು.

ಅಲ್ಲಿಂದ ಮುಂದೆ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಅಂಗಳಕ್ಕೆ ಹೋಗಬೇಕು, ಹೋದರೆ ಮೂಲೆ ಒತ್ತಬೇಕು, ಒತ್ತಿ ಬಂದರೆ ಮತ್ತೆ ಎದ್ದಿರಬಹುದು ಅನ್ನಿಸಬೇಕು. ದಿನಕ್ಕೆ ನೂರು ಸಲ ಹೋಗಿ ಬಂದೆ. ನೂರು ಹೆಚ್ಚಾಯಿತು, ನಾಲ್ಕು. ಆದರೆ ಕಾಲಿಗೆ ನೂರರ ನೋವು.

“ಏನಯ್ಯಾ, ಕುರ್ಚಿ ಸುಡುತ್ತಾ?” ಅಂದರು ಭಾವ.

“ರಕ್ತ ಬಿಸಿ ಇದೆ ಭಾವ. ನಮ್ಮ ವಂಶವೇ ಹಾಗೆ.”

“ನಿಮ್ಮಕ್ಕನ್ನ ನೋಡು. ಅವಳದ್ದು ಆರಿಹೋಗ್ತಾ ಇದೆ.”

ನಿಜ. ಅಕ್ಕ ಅಂಟಿನದೇ ತಪ್ಪು ಅಂದುಕೊಂಡಿದ್ದಳು. ಹಿಂದಿನ ಕೋಣೆಯಲ್ಲಿ ಸಾಲಾಗಿ ಗಾಜಿನ ಬಟ್ಟಲು. ಒಂದೊಂದರಲ್ಲೂ ಒಂದೊಂದು ಹೊಸ ಅಂಟು. ಹಚ್ಚುವಳು, ಕೀಳುವಳು, ತಲೆಯಾಡಿಸುವಳು, ಚೆಲ್ಲುವಳು. ಆರು ವರ್ಷ ಬರೆದ ಅಂಟಿನ ಪುಸ್ತಕ ತೆರೆದು ಪುಟಗಳಿಗೆ ಅಡ್ಡಗೆರೆ ಎಳೆಯುತ್ತಿದ್ದಳು.

“ಅಕ್ಕಾ, ಅಂಟು ಚೆನ್ನಾಗೇ ಇದೆ.”

“ನಿನಗೆ ಹೇಗೆ ಗೊತ್ತು? ಇಪ್ಪತ್ತೆಂಟು ನಿಂತಿವೆ, ಹನ್ನೆರಡು ಏಳ್ತಿವೆ. ಕಲಸಿದ್ದು ಒಂದೇ ಪಾತ್ರೇಲಿ. ಏನೋ ಒಂದು ನನಗೆ ಅರ್ಥ ಆಗ್ತಿಲ್ಲ. ನೀನು ಎಲ್ಲದಕ್ಕೂ ನೂರು ಎಣಿಸಿದ್ಯಲ್ಲ?”

ನೋಡಿ, ಬಾಗಿಲು ಅಲ್ಲೇ ತೆರೆದಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು.

“ನೂರಾ ಒಂದು,” ಅಂದೆ.

ಅವಳು ನಂಬಿದಳು. ನನ್ನ ಜೀವನದಲ್ಲಿ ಯಾರಾದರೂ ನನ್ನ ಮಾತನ್ನು ತಕ್ಷಣ ನಂಬಿದ್ದು ಅದೇ ಮೊದಲು. ಆ ಸುಖ ನನ್ನ ಶತ್ರುವಿಗೂ ಬೇಡ.

ಅರವತ್ತೊಂದನೇ ದಿನ ಅಂಗಳಕ್ಕೆ ಹೋದರೆ ಕೊನೆಯ ಸಾಲು ಇದ್ದಲ್ಲಿರಲಿಲ್ಲ. ಲಾರಿಗೆ ದಾರಿ ಮಾಡಲೆಂದು ಫೋರ್ಕ್‌ಲಿಫ್ಟಿನವನು ಹನ್ನೆರಡೂ ಡಬ್ಬಗಳನ್ನು ಗೋಡೆ ಬದಿಗೆ ಒಟ್ಟಿದ್ದ. ಎರಡು ಡಬ್ಬ ಬೆತ್ತಲೆ. ಎರಡು ಲೇಬಲ್ ನೆಲದ ಮೇಲೆ. ಒಂದರ ಬೆನ್ನಿಗೆ ಮರಳು, ಇನ್ನೊಂದರ ಮೇಲೆ ಟೈರಿನ ಗುರುತು. ಒಂದರಲ್ಲಿ ‘ಪ್ರೆಸ್ಸಿನ ಎಣ್ಣೆ’, ಇನ್ನೊಂದರಲ್ಲಿ ‘ತೊಳೆಯುವ ದ್ರಾವಣ, ಯಂತ್ರದ ಎಣ್ಣೆಯ ಟ್ಯಾಂಕಿಗೆ ಸುರಿಯಬೇಡಿ’.

ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಹಿಡಿದು ನಿಂತೆ. ಎದುರಿಗೆ ಅವಳಿ ಮಕ್ಕಳಂತೆ ಎರಡು ಬೂದು ಡಬ್ಬ. ನಲವತ್ತು ಎಣ್ಣೆ ಬೇರೆ ಮಾಡುವ ಮೂಗನ್ನು ಒಂದರ ಸೀಲಿಗೆ ಒತ್ತಿದೆ. ಪ್ಲಾಸ್ಟಿಕ್ಕಿನ ವಾಸನೆ. ಇನ್ನೊಂದಕ್ಕೆ ಒತ್ತಿದೆ. ಪ್ಲಾಸ್ಟಿಕ್ಕಿನ ವಾಸನೆ. ಅಲ್ಲಾಡಿಸಿದೆ, ಕಂಠಮಟ್ಟ ತುಂಬಿದ್ದವು, ಉಸಿರೆತ್ತಲಿಲ್ಲ. ಎತ್ತಿ ನೋಡಿದೆ, ಎಡಗಡೆಯದು ಭಾರ ಅನ್ನಿಸಿತು. ಕೈ ಬದಲಿಸಿದೆ, ಆಗಲೂ ಎಡಗಡೆಯದೇ ಭಾರ ಅನ್ನಿಸಿತು. ನನ್ನ ಎಡಗೈಗೆ ಶಕ್ತಿ ಕಮ್ಮಿ ಎಂದು ಗೊತ್ತಾಯಿತು, ಅಷ್ಟೇ.

ಮೇಸ್ತ್ರಿಯ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು. ಲೇಬಲ್‌ಗಳ ಬೆನ್ನು ಅಂಗಿಗೆ ಒರೆಸಿ, ಜೇಬಿನಲ್ಲಿದ್ದ ಅಂಟು ಬಳಿದು, ಒಂದನ್ನು ಇದಕ್ಕೆ, ಇನ್ನೊಂದನ್ನು ಅದಕ್ಕೆ ಒತ್ತಿಬಿಟ್ಟೆ.

“ಏನ್ ಗೋಂದು, ಡಬ್ಬಕ್ಕೆ ಮುತ್ತು ಕೊಡ್ತಿದೀಯಾ?”

“ಜ್ವರ ಇದೆಯಾ ನೋಡ್ತಿದ್ದೆ.”

“ಆಮೇಲೆ?” ಅಂದ ಮೇಸ್ತ್ರಿ.

ಆಮೇಲೆ ಇಪ್ಪತ್ತೊಂಬತ್ತು ದಿನ. ಕಾರ್ಖಾನೆಗೆ ಸುರುಳಿ ಕೊಡಲು ಹೋದಾಗಲೆಲ್ಲ ವರ್ಕ್‌ಶಾಪಿನ ಪ್ರೆಸ್ಸಿನ ಸದ್ದು ಕೇಳಿಸುತ್ತಿತ್ತು: ಧಡ್, ಧಡ್. ಅದರ ಮುಂದೆ ನಿಲ್ಲುವ ದಪ್ಪ ಕನ್ನಡಕದ ಮನುಷ್ಯ ನನ್ನನ್ನು ಕಂಡರೆ ಕೈಯೆತ್ತುತ್ತಿದ್ದ. ನಾನು ಅವನ ಕೈ ನೋಡುತ್ತಿರಲಿಲ್ಲ, ಮಂಡಿ ನೋಡುತ್ತಿದ್ದೆ. ಮನೆಗೆ ಬಂದರೆ ಭಾವನ ಮಂಡಿ. ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ಸರಿಯಾಗೇ ಅಂಟಿಸಿದ್ದರೂ ಅಂಟಿಸಿರಬಹುದು ಎಂದೂ ಅಂದುಕೊಂಡೆ. ಊಟಕ್ಕೆ ಕೂತು ಎದ್ದೆ, ಮಲಗಿ ಎದ್ದೆ. ಹೆಬ್ಬೆರಳಿನ ಗಾಯ ಕೆರೆದು ಕೆರೆದು ಕೆಂಪಾಯಿತು.

ತೊಂಬತ್ತನೇ ದಿನ ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿದ್ದೆವು. ಅಕ್ಕ ಪುಸ್ತಕ ಎದೆಗವಚಿಕೊಂಡಿದ್ದಳು. ಭಾವ ಕೋಲೂರಿ ಬಂದು ಖಾಲಿ ಡ್ರಮ್ಮೊಂದರ ಮೇಲೆ ಕೂತಿದ್ದರು. ಲ್ಯಾಬ್ ಮೇಡಂ ಇಪ್ಪತ್ತೆಂಟು ಡಬ್ಬ ನೋಡಿದರು. ಉಗುರು ಹಾಕಿ ಕೆರೆದರೂ ಲೇಬಲ್ ಬಿಡಲಿಲ್ಲ, ಒಂದು ಅಕ್ಷರ ಮಾಸಿರಲಿಲ್ಲ. ಆಮೇಲೆ ಕೊನೆಯ ಸಾಲಿಗೆ ಬಂದರು. ಎರಡು ಬೆರಳಲ್ಲಿ ಹಿಡಿದೆಳೆದರೆ ಲೇಬಲ್ ಹಣ್ಣಿನ ಸಿಪ್ಪೆಯಂತೆ ಬಂತು.

“ಹನ್ನೆರಡು ಹೋಗಿವೆ. ಕ್ಷಮಿಸಿ, ನಾನು ಪಾಸ್ ಮಾಡೋಕಾಗಲ್ಲ,” ಅಂದರು ಅಕ್ಕನಿಗೆ.

ಅಕ್ಕ ಪುಸ್ತಕವನ್ನು ಚೀಲಕ್ಕೆ ಹಾಕಿದಳು. ಹಾಕಿದ ರೀತಿ ನೋಡಿದರೆ ಅದು ಮತ್ತೆ ಹೊರಗೆ ಬರುವ ಹಾಗೆ ಕಾಣಲಿಲ್ಲ.

ನಾನು ಬಾಯಿ ತೆರೆದೆ. “ಮೇಡಂ, ಈ ಸಾಲಿಗೆ ಬಿದ್ದ ಬಿಸಿಲು ಮಾಮೂಲಿ ಬಿಸಿಲಲ್ಲ. ಎದುರಿನ ತಗಡಿನ ಛಾವಣಿಯಿಂದ ಹಾರಿ ಬಂದು ಎರಡು ಸಲ ಬೀಳುತ್ತೆ. ನಾನು ಇಲ್ಲಿ ಬರಿಗಾಲಲ್ಲಿ ನಿಂತು ಪಾದದ ಗೆರೆಗಳೇ ಅಳಿಸಿಹೋದವು. ಅದೂ ಅಲ್ಲದೆ ಕಾಗೆಗಳು. ಮುನ್ನೂರು ಕಾಗೆ, ಅಂಟಿನ ರುಚಿ ಹತ್ತಿದ ಕಾಗೆ...”

ಮೇಡಂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಿತ್ತ ಲೇಬಲ್ಲನ್ನು ಬೆಳಕಿಗೆ ಹಿಡಿದಿದ್ದರು. ಅಕ್ಕನ ಲೇಬಲ್ಲಿಗೆ ಸುತ್ತಲೂ ಶಾಯಿಯಿಲ್ಲದ ಪಾರದರ್ಶಕ ಅಂಚು ಇರುತ್ತದೆ. ಆ ಅಂಚಿನ ಮೂಲೆಯಲ್ಲಿ, ಅಂಟಿನ ಬದಿಗೆ, ಎಣ್ಣೆಯ ಒಂದು ಬೆರಳಚ್ಚು. ಭೂತಗನ್ನಡಿ ಹಿಡಿದರು. ಇನ್ನೊಂದು ಲೇಬಲ್ ಕಿತ್ತರು, ಅದೇ ಅಚ್ಚು. ಮತ್ತೊಂದು, ಅದೇ.

“ಎಣ್ಣೆ ಒಳಗಡೆ ಇದೆ. ಅಂಟಿಸೋ ಮೊದಲೇ ಇತ್ತು,” ಅಂದರು. “ಹೆಬ್ಬೆರಳು. ಅಡ್ಡಡ್ಡ ಒಂದು ಗೆರೆ ಇದೆ. ಯಾರದಿದು?”

ಮೇಸ್ತ್ರಿ ಬಗ್ಗಿ ನೋಡಿದ. ನೋಡಿ ನನ್ನ ಕಡೆ ತಿರುಗಿದ. “ಮೊಸಳೆ ಕಚ್ಚಿದ ಬೆರಳು ಮೇಡಂ. ನಾನು ಆ ಕಥೆ ಹದಿನಾಲ್ಕು ಸಲ ಕೇಳಿದೀನಿ.”

ನನ್ನ ಕೈ ತಾನಾಗಿ ಜೇಬಿನೊಳಗೆ ಹೋಯಿತು.

“ಕೈ ತೆಗಿ,” ಅಂದಳು ಅಕ್ಕ. ಹೆಸರು ಹಿಡಿದೇ ಕರೆದಳು.

ತೆಗೆದೆ.

“ಎಷ್ಟು ಎಣಿಸಿದೆ?”

“ಮೂರು.”

“ಸ್ಪಿರಿಟ್?”

“ನಲ್ಲಿ ಕೆಳಗಿನ ಬಟ್ಟೆ. ಟೀ ಬರೋದ್ರೊಳಗೆ ಮುಗಿಸ್ತೀನಿ ಅಂತ ಪಂದ್ಯ ಕಟ್ಟಿದ್ದೆ. ಅಂಟಿನದು ತಪ್ಪಿಲ್ಲ ಅಕ್ಕಾ. ಯಾವತ್ತೂ ಇರಲಿಲ್ಲ.”

ಅವಳು ಬೈಯುತ್ತಾಳೆ ಅಂದುಕೊಂಡೆ. ಅವಳು ಅಡ್ಡಗೆರೆ ಎಳೆದ ಪುಸ್ತಕವನ್ನು ಚೀಲದಿಂದ ಹೊರತೆಗೆದು ಪುಟ ತಿರುವತೊಡಗಿದಳು. “ಎಪ್ಪತ್ತು ದಿನ,” ಅಂದಳು. “ಎಪ್ಪತ್ತು ದಿನ ನಾನು...”

ಮೇಡಂ ಮೆಲ್ಲಗೆ ಹೇಳಿದರು: ಸರಿಯಾಗಿ ಅಂಟಿಸಿದ ಇಪ್ಪತ್ತೆಂಟೂ ನಿಂತಿವೆ, ಹಾಗಾದರೆ ಲೇಬಲ್ ಬಿದ್ದದ್ದಲ್ಲ, ಅಂಟಿಸಿದವನು ಬಿದ್ದದ್ದು. ಬೇರೆ ಹನ್ನೆರಡು ಡಬ್ಬ ಕೊಡುತ್ತೇನೆ, ನನ್ನ ಕಣ್ಣೆದುರು ಅಂಟಿಸಲಿ, ಇನ್ನೊಂದು ತೊಂಬತ್ತು ದಿನ ನೋಡೋಣ. ಮೇಸ್ತ್ರಿಗೆ ಕೈಸನ್ನೆ ಮಾಡಿದರು: “ಇವನ್ನ ವರ್ಕ್‌ಶಾಪಿಗೆ ತಗೊಂಡು ಹೋಗಿ. ಕಿತ್ತ ಲೇಬಲ್ಲನ್ನ ಅದರದರ ಡಬ್ಬಕ್ಕೇ ಟೇಪ್ ಹಾಕಿ ಕಟ್ಟಿ.”

ಅಕ್ಕನ ಲೇಬಲ್ ಉಳಿಯಿತು. ನನಗೆ ಬರಬೇಕಾದದ್ದೂ ಬಂದಿತ್ತು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಇನ್ನೇನೂ ಕೇಳುತ್ತಿರಲಿಲ್ಲ. ಫೋರ್ಕ್‌ಲಿಫ್ಟು ಬಂತು, ಎರಡು ಹಲ್ಲು ಚಾಚಿತು, ಡಬ್ಬಗಳನ್ನು ಎತ್ತಿತು. ವರ್ಕ್‌ಶಾಪಿನಿಂದ ಧಡ್, ಧಡ್. ಭಾವ ಡ್ರಮ್ಮಿನ ಮೇಲೆ ಕಾಲು ಚಾಚಿ ಕೂತೇ ಇದ್ದರು.

ನಾನು ಗಾಡಿಯ ಮುಂದೆ ಹೋಗಿ ನಿಂತೆ.

“ಸರಿಯೋ ಗೋಂದು!” ಮೇಸ್ತ್ರಿ ಕೂಗಿದ.

“ಇಳಿಸಿ,” ಅಂದೆ. “ಅದರಲ್ಲಿ ಎರಡು ಡಬ್ಬದ ಲೇಬಲ್ ಅರವತ್ತೊಂದನೇ ದಿನವೇ ಬಿದ್ದಿತ್ತು. ನಾನೇ ವಾಪಸ್ಸು ಅಂಟಿಸಿದೆ. ಯಾವುದಕ್ಕೆ ಯಾವುದು ಅಂತ ನನಗೆ ಗೊತ್ತಿರ್ಲಿಲ್ಲ.”

“ನಿನ್ನ ಮೂಗಿಗೆ ನಲವತ್ತು ಎಣ್ಣೆ ಗೊತ್ತಾಗುತ್ತಲ್ಲೋ!”

“ಒಂದೂ ಗೊತ್ತಾಗಲ್ಲ.”

ಮರಳು ಮೆತ್ತಿದ್ದ ಲೇಬಲ್ಲಿನ ಡಬ್ಬವನ್ನೂ ಟೈರಿನ ಗುರುತಿದ್ದ ಲೇಬಲ್ಲಿನ ಡಬ್ಬವನ್ನೂ ಬೇರೆ ಮಾಡಿ ತೋರಿಸಿದೆ. ಮೇಡಂ ‘ಪ್ರೆಸ್ಸಿನ ಎಣ್ಣೆ’ ಅಂತಿದ್ದ ಡಬ್ಬದ ಸೀಲು ಒಡೆದರು. ಅವರು ಬಗ್ಗುವ ಮೊದಲೇ ಭಾವ ಕೋಲೂರಿ ಎದ್ದು ಬಂದಿದ್ದರು. ಡಬ್ಬದ ಬಾಯಿಯ ಮೇಲೆ ಮುಖ ತಂದು ಒಂದು ಉಸಿರು ಎಳೆದರು.

“ಇದೇ,” ಅಂದರು. “ಅವತ್ತಿನದು ಇದೇ ವಾಸನೆ.”

ಅದಲುಬದಲಾಗಿತ್ತು.

ಆ ಮಧ್ಯಾಹ್ನ ಹೊಸ ಹನ್ನೆರಡು ಡಬ್ಬಗಳಿಗೆ ಲೇಬಲ್ ಅಂಟಿಸಿದೆ. ಪ್ರತಿ ಡಬ್ಬದ ಮುಂದೆಯೂ ಒಂದರಿಂದ ನೂರು, ಗಟ್ಟಿಯಾಗಿ. ಐವತ್ತೇಳಾದಮೇಲೆ ಐವತ್ತೊಂಬತ್ತು ಅಂದಾಗ ಮೇಡಂ ಮತ್ತೆ ಒಂದರಿಂದ ಶುರು ಮಾಡಿಸಿದರು. ಟೀ ಬಂತು, ಆರಿತು, ಯಾರೂ ಕುಡಿಯಲಿಲ್ಲ. ಅಕ್ಕ ನನ್ನ ಜೊತೆ ಮಾತಾಡಲಿಲ್ಲ, ಆದರೆ ಸ್ಪಿರಿಟ್ ಬಟ್ಟೆಯನ್ನು ಹಿಂಡಿ ಹಿಂಡಿ ಕೈಗೆ ಕೊಡುತ್ತಿದ್ದಳು.

ಮನೆಗೆ ಹೋಗುವಾಗ ಭಾವನ ನಡಿಗೆಗೆ ಹೊಂದಿಸಿಕೊಂಡು ನಿಧಾನ ನಡೆಯುತ್ತಿದ್ದೆ.

“ಮೊಸಳೆ?” ಅಂದರು ಭಾವ.

“ಹಾಲಿನ ಪುಡಿ ಡಬ್ಬದ ಮುಚ್ಚಳ. ಏಳು ವರ್ಷದವನಿದ್ದಾಗ. ಅಕ್ಕನೇ ಬಟ್ಟೆ ಕಟ್ಟಿದ್ದು.”

“ಸಮುದ್ರದ ತಳದ ಲೇಬಲ್?”

ಇನ್ನು ನಿಮಗೂ ಹೇಳಿಬಿಡುತ್ತೇನೆ. ಸಮುದ್ರವನ್ನು ನಾನು ನೋಡಿಯೇ ಇಲ್ಲ. ಅಂಗಡಿಯ ಹಿತ್ತಿಲಲ್ಲಿ ಒಂದು ನೀರಿನ ತೊಟ್ಟಿಯಿದೆ. ಅಕ್ಕ ತನ್ನ ಮೊಟ್ಟಮೊದಲ ಅಂಟು ಕಲಸಿದಾಗ ನಾನು ಒಂದು ಡಬ್ಬಕ್ಕೆ ಲೇಬಲ್ ಹಚ್ಚಿ, ಕಲ್ಲು ತುಂಬಿ, ಆ ತೊಟ್ಟಿಯೊಳಗೆ ಮುಳುಗಿಸಿಟ್ಟೆ. ಐದನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಡಬ್ಬ ತಳದಲ್ಲೇ ಇತ್ತು, ಲೇಬಲ್ ಮೇಲೆ ತೇಲುತ್ತಿತ್ತು. ಅಂಟು ಸರಿಯಿಲ್ಲ ಎಂದು ಅಕ್ಕ ಅದನ್ನೂ ಚೆಲ್ಲಿದಳು.

ಅವತ್ತೂ ನಾನು ನೂರು ಎಣಿಸಿರಲಿಲ್ಲ.